ಆರಿಂಚಿನ ಸ್ಪೀಕರಿಗೆ ಒಪ್ಪುವ ಡಿಸ್ಟಾರ್ಷನ್

ಕಳೆದ ಜುಲೈಯ ಒಂದು ಮಧ್ಯಾಹ್ನ ಭಾಂಡೂಪಿನ ಹುಡುಗನೊಬ್ಬ ತಂದೆಯೊಡನೆ ಮಾಟುಂಗದ ನನ್ನ ರಿಪೇರಿ ಕೋಣೆಗೆ ಬಂದ. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿದ್ದ ಎಲೆಕ್ಟ್ರಿಕ್ ಗಿಟಾರಿನ ಪೆಡಲನ್ನು (ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಜೋಡಿಸಿ, ಕಾಲಿನಿಂದ ಒತ್ತಿ ದನಿ ಬದಲಿಸುವ ಪೆಟ್ಟಿಗೆ) ಮೇಜಿನ ಮೇಲಿಟ್ಟು, “ಅಂಕಲ್, ಇದು ಕೆಟ್ಟಿರಬೇಕು. ಒತ್ತಿದರೆ ಶಬ್ದ ಸ್ವಲ್ಪ ಜೋರಾಗುತ್ತದೆ, ಅಷ್ಟೇ. ಡಿಸ್ಟಾರ್ಷನ್ ಬರುವುದೇ ಇಲ್ಲ” ಎಂದ. ತಂದೆ ಕುಂದಾಪುರದ ಕಡೆಯವರು, ಹೋಟೆಲೊಂದರ ಗಲ್ಲಾದಲ್ಲಿ ಕೂರುವವರು. “ಎರಡು ತಿಂಗಳು ದುಡ್ಡು ಕೂಡಿಸಿ ತೆಗೆದುಕೊಂಡದ್ದು ಮಾರಾಯರೇ, ಹೇಗಾದರೂ ಸರಿ ಮಾಡಿ ಕೊಡಿ” ಎಂದರು.

ಪೆಡಲ್ ಕೆಟ್ಟಿರಲಿಲ್ಲ. ಅದು ಹಸಿರು ಬಣ್ಣದ ಓವರ್‌ಡ್ರೈವ್, ಟ್ಯೂಬ್ ಸ್ಕ್ರೀಮರ್ ಮಾದರಿಯದು. ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು. ಹುಡುಗನ ಮನೆಯಲ್ಲಿ ಇದ್ದದ್ದು 10 ವಾಟಿನ, 6 ಇಂಚು ಸ್ಪೀಕರಿನ ಅಭ್ಯಾಸದ ಆಂಪ್, ಅಂದರೆ ಆಂಪ್ಲಿಫೈಯರ್. ದೊಡ್ಡ ವಾದಕರ ಕಾಲಿನ ಬಳಿ ಆ ಹಸಿರು ಪೆಟ್ಟಿಗೆಯನ್ನು ನೋಡಿ ಅವನು ಆಸೆಪಟ್ಟಿದ್ದ. ಆದರೆ ಅವರ ಬೆನ್ನ ಹಿಂದೆ ನಿಂತಿದ್ದ ಆಂಪ್ ಯಾವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ. “ಕೆಟ್ಟಿದೆ” ಎಂದು ನನ್ನ ಮೇಜಿಗೆ ಬರುವ ಹೊಸ ಪೆಡಲುಗಳಲ್ಲಿ ಬಹಳಷ್ಟು ಹೀಗೆಯೇ, ಆಂಪಿಗೆ ಜೋಡಿಯಾಗದವು. ಮಕ್ಕಳ ಉಳಿತಾಯ ಹೀಗೆ ಪೋಲಾಗುವುದನ್ನು ನೋಡಿದಾಗಲೆಲ್ಲ ಸಂಕಟವಾಗುತ್ತದೆ.

ಡಿಸ್ಟಾರ್ಷನ್ ಎಂದರೆ ಗಿಟಾರಿನಿಂದ ಬರುವ ಅಲೆಯ ನೆತ್ತಿಯನ್ನು ಕತ್ತರಿಸುವುದು. ಮೊದಲು ಅಲೆಯನ್ನು ಹಲವು ಪಟ್ಟು ಹಿಗ್ಗಿಸಿ, ಆಮೇಲೆ ಡಯೋಡುಗಳೆಂಬ ಪುಟ್ಟ ಬಿಡಿಭಾಗಗಳ ಮೂಲಕ ಅದರ ಎತ್ತರಕ್ಕೆ ಮಿತಿ ಹಾಕುತ್ತಾರೆ. ಸಾಮಾನ್ಯ ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್ ದಾಟಿದೊಡನೆ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಅದಕ್ಕಿಂತ ಮೇಲೆ ಏರಲು ಹೊರಟ ಅಲೆ ಅಲ್ಲಿಗೇ ತುಂಡಾಗುತ್ತದೆ. ಆ ಡಯೋಡುಗಳನ್ನು ಎಲ್ಲಿ ಕೂರಿಸಿದ್ದಾರೆ ಎಂಬುದರಲ್ಲಿ ಪೆಡಲಿನ ಸ್ವಭಾವ ಅಡಗಿದೆ. 1978ರಲ್ಲಿ ಬಂದ ಬಾಸ್ ಕಂಪನಿಯ ಡಿಎಸ್-1ರಲ್ಲಿ, ಅದೇ ಕಾಲದ ಪ್ರೋಕೋ ರ‍್ಯಾಟ್‌ನಲ್ಲಿ, ಡಯೋಡುಗಳು ಹಿಗ್ಗಿಸುವ ಹಂತದ ನಂತರ ಸರ್ಕ್ಯೂಟಿನ ಗ್ರೌಂಡಿನ ಕಡೆಗೆ ಜೋಡಣೆಯಾಗಿವೆ. ಎಳನೀರಿನ ತಲೆಯನ್ನು ಕತ್ತಿಯಲ್ಲಿ ಕೊಚ್ಚಿದ ಹಾಗೆ ಅಲೆ ಚಪ್ಪಟೆಯಾಗುತ್ತದೆ. ಹಸಿರು ಪೆಡಲಿನಂಥ ಓವರ್‌ಡ್ರೈವಿನಲ್ಲಿ ಅವು ಅಲೆಯನ್ನು ಹಿಗ್ಗಿಸುವ ಚಿಪ್, ಅಂದರೆ ಆಪ್‌ಆಂಪಿನ ಹಿಮ್ಮರಳುವ ದಾರಿಯೊಳಗೇ ಇರುತ್ತವೆ. ನೆತ್ತಿ ತುಂಡಾಗುವ ಬದಲು ಇಡ್ಲಿಯ ಬೆನ್ನಿನಂತೆ ದುಂಡಗಾಗುತ್ತದೆ.

ಓವರ್‌ಡ್ರೈವ್ ಎಂಬುದು ಒಗ್ಗರಣೆ. ಕುದಿಯುವ ಸಾರು ಇದ್ದರೆ ಒಗ್ಗರಣೆ ಪರಿಮಳ ಕೊಡುತ್ತದೆ. ಬರಿಯ ಬಿಸಿನೀರಿಗೆ ಹಾಕಿದರೆ ಎಣ್ಣೆ ಮೇಲೆ ತೇಲುತ್ತದೆ. ಗಾಜಿನ ವಾಲ್ವುಗಳಿಂದ ನಡೆಯುವ ಟ್ಯೂಬ್ ಆಂಪನ್ನು ಜೋರಾಗಿ ಇಟ್ಟಾಗ ಅದರ ದನಿ ತಾನಾಗಿಯೇ ಒಡೆಯುವ ಅಂಚಿಗೆ ಬಂದಿರುತ್ತದೆ. ಓವರ್‌ಡ್ರೈವ್ ಅದನ್ನು ಅಂಚಿನಾಚೆಗೆ ಮೆಲ್ಲಗೆ ದೂಡುತ್ತದೆ. ನಮ್ಮ ಮನೆಗಳಲ್ಲಿರುವ ಟ್ರಾನ್ಸಿಸ್ಟರಿನ ಸಣ್ಣ ಆಂಪುಗಳಲ್ಲಿ ಆ ಅಂಚೇ ಇಲ್ಲ. ಒಂದು ಮಿತಿಯವರೆಗೆ ಸ್ವಚ್ಛವಾಗಿರುತ್ತವೆ, ಮಿತಿ ದಾಟಿದರೆ ಒಮ್ಮೆಲೇ ಕರ್ಕಶವಾಗುತ್ತವೆ. ಇದರ ಮೇಲೆ ಇನ್ನೊಂದು ತೊಂದರೆ. ಟ್ಯೂಬ್ ಸ್ಕ್ರೀಮರ್ ಮಾದರಿಯ ಪೆಡಲ್ ಸುಮಾರು 720 ಹರ್ಟ್ಸಿಗಿಂತ ಕೆಳಗಿನ ಸ್ವರಗಳಿಗೆ ಕಡಿಮೆ ಗೇನ್ ಕೊಡುತ್ತದೆ, ಅಂದರೆ ಅವನ್ನು ಕಡಿಮೆ ಹಿಗ್ಗಿಸುತ್ತದೆ. 12 ಇಂಚಿನ ಸ್ಪೀಕರುಗಳ ದೊಡ್ಡ ಆಂಪಿನ ಮುಂದೆ ಅದು ವರ, ಏಕೆಂದರೆ ಅಲ್ಲಿ ಮಂದ್ರ ಗೊಜ್ಜಾಗುವ ಅಪಾಯವಿದೆ. 6 ಇಂಚಿನ ಸ್ಪೀಕರಿನಲ್ಲಿ ಮಂದ್ರವೇ ಬಡವಾಗಿರುತ್ತದೆ. ಗಿಟಾರಿನ ದಪ್ಪ ತಂತಿಯ ಮೂಲಸ್ವರ 82 ಹರ್ಟ್ಸ್. ಆ ಪುಟ್ಟ ಪೆಟ್ಟಿಗೆಯಿಂದ ಅದು ಸರಿಯಾಗಿ ಹೊರಬರುವುದೇ ಇಲ್ಲ. ಇದ್ದ ಬಡ ಮಂದ್ರವನ್ನೂ ಪೆಡಲ್ ಕಿತ್ತುಕೊಂಡರೆ ಉಳಿಯುವುದು ಮೂಗಿನಿಂದ ಹಾಡಿದಂಥ ದನಿ.

ಹಾಗಾಗಿ ಅಭ್ಯಾಸದ ಆಂಪಿಗೆ ನಾನು ಹುಡುಕುವುದು ಇಡೀ ಅಡುಗೆಯನ್ನು ತಾನೇ ಮಾಡಿ ಬಡಿಸುವ ಪೆಡಲ್. ಆಂಪನ್ನು ಕ್ಲೀನ್ ಚಾನೆಲ್‌ನಲ್ಲಿ ಇಟ್ಟು, ಅದರಿಂದ ಶಬ್ದ ದೊಡ್ಡದು ಮಾಡುವ ಕೆಲಸವನ್ನು ಮಾತ್ರ ಕೇಳಬೇಕು. ಆಂಪಿನಲ್ಲೇ ಇರುವ ಡಿಸ್ಟಾರ್ಷನ್ ಗುಂಡಿಯನ್ನೂ ಒತ್ತಿ, ಮುಂದೆ ಪೆಡಲನ್ನೂ ಹಾಕಿದರೆ ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸಿದಂತಾಗಿ ಸ್ವರಗಳು ಕಲಸಿ ಹೋಗುತ್ತವೆ.

ನನ್ನ ಮೊದಲ ಆಯ್ಕೆ ರ‍್ಯಾಟ್ ಮಾದರಿ. ಕಾರಣ ಅದರ ಫಿಲ್ಟರ್ ನಾಬ್. ಬೇರೆ ಪೆಡಲುಗಳ ಟೋನ್ ನಾಬನ್ನು ಬಲಕ್ಕೆ ತಿರುಗಿಸಿದರೆ ದನಿ ಚೂಪಾಗುತ್ತದೆ; ಇದರಲ್ಲಿ ಬಲಕ್ಕೆ ತಿರುಗಿಸಿದಷ್ಟೂ ಚೂಪು ಕಳೆದು ಮೃದುವಾಗುತ್ತದೆ. ಈ ಉಲ್ಟಾ ನಡೆ ಗೊತ್ತಿಲ್ಲದೆ “ಇದು ಮಂಕು” ಎಂದು ಮಾರಿಬಿಟ್ಟವರನ್ನು ಕಂಡಿದ್ದೇನೆ. ಡಿಸ್ಟಾರ್ಷನ್ ಹುಟ್ಟಿಸುವ ಮೇಲಿನ ಸ್ವರಾಂಶಗಳು ದೊಡ್ಡ ಗಿಟಾರ್ ಸ್ಪೀಕರಿನಲ್ಲಿ 5,000 ಹರ್ಟ್ಸಿನ ಆಸುಪಾಸಿನಿಂದ ಮೇಲಕ್ಕೆ ತಾವಾಗಿಯೇ ಸೋಸಿ ಹೋಗುತ್ತವೆ. ಅಗ್ಗದ ಆಂಪಿನ ಪುಟ್ಟ ಸ್ಪೀಕರ್ ಎಷ್ಟೋ ಸಲ ಅಷ್ಟು ಚೆನ್ನಾಗಿ ಸೋಸುವುದಿಲ್ಲ, ಕಿವಿಯೊಳಗೆ ಜೇನ್ನೊಣ ಹೊಕ್ಕಂತೆ ಕೇಳಿಸುತ್ತದೆ. ಆ ಸೋಸುವ ಕೆಲಸವನ್ನು ಪೆಡಲೇ ಮಾಡಬೇಕು. ಹೆಡ್‌ಫೋನಿನಲ್ಲಿ ಅಭ್ಯಾಸ ಮಾಡುವವರಿಗೆ ಇದು ಇನ್ನೂ ಮುಖ್ಯ. ಅಲ್ಲಿ ಗಿಟಾರ್ ಸ್ಪೀಕರಿನ ಜರಡಿಯೇ ಇರುವುದಿಲ್ಲ.

ಡಿಎಸ್-1 ಮಾದರಿಯೂ ಆಗುತ್ತದೆ, ಆದರೆ ಟೋನ್ ನಾಬನ್ನು ನಡುವಿನಿಂದ ಎಡಕ್ಕೇ ಇಡಬೇಕು. ಗಡಿಯಾರದ ಹತ್ತು ಗಂಟೆ ದಾಟಿದರೆ ಸಣ್ಣ ಸ್ಪೀಕರ್ ತಾಳುವುದಿಲ್ಲ. ಬಿಗ್ ಮಫ್ ಮಾದರಿಯ ಫಜ್ (ಇನ್ನೂ ಒರಟಾದ ಡಿಸ್ಟಾರ್ಷನ್) ದೊಡ್ಡ ಆಂಪಿನಲ್ಲಿ ನನಗೆ ಬಲು ಪ್ರಿಯ. ಸಣ್ಣ ಆಂಪಿಗೆ ಬೇಡ ಎನ್ನುತ್ತೇನೆ. ಅದು ನಡುವಿನ ಸ್ವರಗಳನ್ನು ಕುಗ್ಗಿಸಿ ಮಂದ್ರವನ್ನು ಉಬ್ಬಿಸುತ್ತದೆ, ಸಣ್ಣ ಸ್ಪೀಕರ್ ಚೆನ್ನಾಗಿ ನುಡಿಸಬಲ್ಲದ್ದು ಆ ನಡುವಿನ ಸ್ವರಗಳನ್ನೇ.

1991ರಲ್ಲಿ ಬಂದ ಬಾಸ್ ಮೆಟಲ್ ಝೋನ್ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದಕ್ಕೆ ಅನ್ಯಾಯವಾಗಿದೆ. ಅದನ್ನು ಬೈಯುವವರಲ್ಲಿ ಹೆಚ್ಚಿನವರು ಮಂದ್ರ, ತಾರ ಎರಡನ್ನೂ ಪೂರ್ತಿ ಏರಿಸಿ, ನಡುವಿನದನ್ನು ಪೂರ್ತಿ ಇಳಿಸಿ ಕೇಳಿದವರು. ಅದರಲ್ಲಿ ನಡುವಿನ ಸ್ವರಗಳಿಗೆ ಎರಡು ನಾಬುಗಳಿವೆ; ಒಂದು ಎಷ್ಟು ಎನ್ನುವುದನ್ನು, ಇನ್ನೊಂದು 200ರಿಂದ 5,000 ಹರ್ಟ್ಸಿನೊಳಗೆ ಎಲ್ಲಿ ಎನ್ನುವುದನ್ನು ನಿರ್ಧರಿಸುತ್ತದೆ. ಒಂದು ಟೋನ್ ನಾಬ್ ಬಿಟ್ಟರೆ ಬೇರೇನೂ ಇಲ್ಲದ ಆಂಪಿರುವ ಹುಡುಗನಿಗೆ ಇದು ದೊಡ್ಡ ಅನುಕೂಲ. ಗೇನನ್ನು ಕಾಲು ಭಾಗಕ್ಕೆ ಇಳಿಸಿ, ನಡುವಿನ ಸ್ವರಗಳನ್ನು ಸ್ವಲ್ಪ ಏರಿಸಿ ಒಂದು ವಾರ ನುಡಿಸಿ ನೋಡಿ, ಆಮೇಲೆ ತೀರ್ಮಾನಿಸಿ.

ಈ ಎಲ್ಲ ಸರ್ಕ್ಯೂಟುಗಳಿಗೂ ಕಡಿಮೆ ಬೆಲೆಯ ಪ್ರತಿರೂಪಗಳು ಸಿಗುತ್ತವೆ. ಅವುಗಳನ್ನು ಕೊಳ್ಳಲು ನಾಚಬೇಕಾಗಿಲ್ಲ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ನಡೆದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ, ದನಿಯನ್ನು ಕತ್ತರಿಸುವ ಆ ಡಯೋಡುಗಳು ಕೆಲವೇ ರೂಪಾಯಿಗೆ ಸಿಗುತ್ತವೆ. ದುಬಾರಿ ಪೆಡಲಿನಲ್ಲಿ ಹೆಚ್ಚಿನ ಹಣ ಹೋಗುವುದು ಲೋಹದ ಪೆಟ್ಟಿಗೆಗೆ, ತುಳಿಯುವ ಸ್ವಿಚ್ಚಿಗೆ, ಜ್ಯಾಕುಗಳಿಗೆ, ಮತ್ತೆ ಹೆಸರಿಗೆ. ವೇದಿಕೆಯಲ್ಲಿ ಬೂಟುಗಾಲಿನಿಂದ ತುಳಿಯುವವರಿಗೆ ಅದು ಬೇಕು. ಮನೆಯಲ್ಲಿ ಬರಿಗಾಲಿನಲ್ಲಿ ನುಡಿಸುವವರಿಗೆ ಪ್ಲಾಸ್ಟಿಕ್ ಪೆಟ್ಟಿಗೆ ವರ್ಷಗಟ್ಟಲೆ ಬಾಳುತ್ತದೆ. ನಾನು ನೋಡುವುದು ಜ್ಯಾಕನ್ನು: ತಂತಿಯ ತುದಿ ಹೊಕ್ಕಾಗ ಗಟ್ಟಿಯಾಗಿ ಕೂರಬೇಕು, ಅಲುಗಾಡಿಸಿದರೆ ಶಬ್ದ ಕಡಿಯಬಾರದು. ಮುಂಬಯಿಯ ಮಳೆಗಾಲದ ತೇವಕ್ಕೆ ಮೊದಲು ಸೋಲುವುದು ಜ್ಯಾಕ್ ಮತ್ತು ನಾಬಿನೊಳಗಿನ ಪಾಟ್, ಅಂದರೆ ತಿರುಗಿಸಿದಂತೆ ಮಟ್ಟ ಬದಲಿಸುವ ಬಿಡಿಭಾಗ. ತಿರುಗಿಸಿದಾಗ ಕರಕರ ಎಂದರೆ ಪೆಡಲನ್ನು ಎಸೆಯಬೇಡಿ, ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಬೆರಳುದ್ದದ ಮಿನಿ ಪೆಡಲುಗಳು ಕೆಟ್ಟವಲ್ಲ, ಆದರೆ ಅವುಗಳಲ್ಲಿ ಹೆಚ್ಚಿನವುಗಳೊಳಗೆ ಬ್ಯಾಟರಿಗೆ ಜಾಗವಿಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಿ.

ಪೆಡಲಿನಲ್ಲಿ ಉಳಿಸಿದ ಹಣದಲ್ಲಿ ಸ್ವಲ್ಪವನ್ನು ಅಡಾಪ್ಟರಿಗೆ ಇಡಿ. ಈ ಪೆಡಲುಗಳಲ್ಲಿ ಬಹುಪಾಲಿಗೆ ಬೇಕಾದದ್ದು 9 ವೋಲ್ಟ್ ಡಿಸಿ, ಒಳಗಿನ ತುದಿ ಋಣ, ಹೊರಗಿನ ಕೊಳವೆ ಧನ. ಮನೆಯಲ್ಲಿ ಬಿದ್ದಿರುವ ಹಳೆಯ ಅಡಾಪ್ಟರಿನ ಧ್ರುವ ಇದಕ್ಕೆ ತಿರುಗುಮುರುಗಾಗಿದ್ದರೆ ಪೆಡಲ್ ಸುಟ್ಟುಹೋಗಬಹುದು. ಅಡಾಪ್ಟರಿನ ಮೇಲೆ ಅಚ್ಚಾಗಿರುವ ಚಿಕ್ಕ ಚಿತ್ರವನ್ನು ಓದದೆ ಚುಚ್ಚಬೇಡಿ. ಟ್ರಾನ್ಸ್‌ಫಾರ್ಮರ್ ಇರುವ, ರೆಗ್ಯುಲೇಟರ್ ಇಲ್ಲದ ಅಗ್ಗದ ಅಡಾಪ್ಟರಿನ ಮೇಲೆ 9 ವೋಲ್ಟ್ ಎಂದು ಬರೆದಿದ್ದರೂ ಹೊರೆ ಇಲ್ಲದಾಗ ಮೀಟರಿನಲ್ಲಿ 12, 13 ತೋರಿಸುವುದುಂಟು, ಜೊತೆಗೆ 100 ಹರ್ಟ್ಸಿನ ಗುಂಯ್ ಎಂಬ ಶ್ರುತಿಯನ್ನೂ ಸೇರಿಸುತ್ತದೆ. ಡಿಸ್ಟಾರ್ಷನ್ ಗಿಟಾರಿನ ದನಿಯನ್ನು ಹಿಗ್ಗಿಸುವಂತೆ ಆ ಶ್ರುತಿಯನ್ನೂ ಹಿಗ್ಗಿಸುತ್ತದೆ. ಗುಂಯ್ ಎನ್ನುವ ಪೆಡಲನ್ನು ತಂದಾಗ ನಾನು ಮೊದಲು ಮಾಡುವುದು ಒಂದು 9 ವೋಲ್ಟ್ ಬ್ಯಾಟರಿ ಹಾಕುವುದು. ಸದ್ದು ನಿಂತರೆ ತಪ್ಪು ಅಡಾಪ್ಟರಿನದು, ಪೆಡಲಿನ ಸ್ಕ್ರೂ ಬಿಚ್ಚುವ ಅಗತ್ಯವಿಲ್ಲ. ಬ್ಯಾಟರಿ ಬಳಸುವವರು ನುಡಿಸಿ ಮುಗಿದೊಡನೆ ಇನ್‌ಪುಟ್ ಜ್ಯಾಕಿನಿಂದ ತಂತಿ ಕಳಚಬೇಕು. ಅದು ಚುಚ್ಚಿರುವಷ್ಟು ಹೊತ್ತೂ ಬ್ಯಾಟರಿ ಖಾಲಿಯಾಗುತ್ತಲೇ ಇರುತ್ತದೆ.

ಬ್ಯಾಟರಿಯಲ್ಲೂ ಗುಂಯ್ ಹೋಗದೆ, ಬೆರಳು ಗಿಟಾರಿನ ತಂತಿಯನ್ನು ಮುಟ್ಟಿದೊಡನೆ ಕಡಿಮೆಯಾಗುತ್ತಿದ್ದರೆ ಗೋಡೆಯ ಪ್ಲಗ್ ಪಾಯಿಂಟಿನಲ್ಲಿ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನಿನಿಂದ ನೋಡಿಸಿ. ಹಳೆಯ ಕಟ್ಟಡಗಳಲ್ಲಿ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದ್ದನ್ನು ನಾನು ನೋಡಿದ್ದೇನೆ. ಆಂಪಿನ ಮೂರನೆಯ ಪಿನ್ನನ್ನು ಮುರಿದು ಎರಡು ತೂತಿಗೆ ಸಿಕ್ಕಿಸುವುದನ್ನು ಯಾರೂ ಮಾಡಬಾರದು. ಇಲ್ಲಿ ಹಾಳಾಗುವುದು ದನಿಯಷ್ಟೇ ಅಲ್ಲ, ಜೀವಕ್ಕೇ ಅಪಾಯ.

ಧೋಬಿ ತಲಾವಿನ ವಾದ್ಯದ ಅಂಗಡಿಗೆ ಹೋಗುವಾಗ ನಿಮ್ಮ ಆಂಪನ್ನೇ ಹೊತ್ತುಕೊಂಡು ಹೋಗಿ. ನಾಲ್ಕೈದು ಕಿಲೋ ತೂಕ. ಮಧ್ಯಾಹ್ನದ ಲೋಕಲ್ ರೈಲಿನಲ್ಲಿ ಕಷ್ಟವಿಲ್ಲ. ಅಂಗಡಿಯ ದೊಡ್ಡ ಆಂಪಿನಲ್ಲಿ ಎಲ್ಲ ಪೆಡಲುಗಳೂ ಚೆನ್ನಾಗಿಯೇ ಕೇಳಿಸುತ್ತವೆ. ಮನೆಯಲ್ಲಿ ಪಕ್ಕದವರಿಗೆ ತೊಂದರೆಯಾಗದಂತೆ ಎಷ್ಟು ಮೆಲ್ಲಗೆ ನುಡಿಸುತ್ತೀರೋ ಅಷ್ಟೇ ಮೆಲ್ಲಗೆ ನುಡಿಸಿ ಕೇಳಿ. ಶಬ್ದ ತಗ್ಗಿದಂತೆ ನಮ್ಮ ಕಿವಿಗೆ ಮಂದ್ರ ಬೇಗ ಮರೆಯಾಗುತ್ತದೆ. ಪೆಡಲ್ ಹಾಕಿದಾಗಲೂ ತೆಗೆದಾಗಲೂ ಶಬ್ದ ಒಂದೇ ಮಟ್ಟದಲ್ಲಿರುವಂತೆ ಲೆವೆಲ್ ಹೊಂದಿಸಿಕೊಳ್ಳಿ, ಇಲ್ಲವಾದರೆ ಜೋರಾದದ್ದೇ ಚೆಂದ ಎಂದು ಕಿವಿ ಮೋಸಹೋಗುತ್ತದೆ. ಒಂದು ಪೂರ್ತಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಮೀಟಿ, ಅದರೊಳಗಿನ ಮೂರು ಸ್ವರಗಳು ಬಿಡಿಬಿಡಿಯಾಗಿ ಕೇಳಿಸುವವರೆಗೆ ಗೇನ್ ಇಳಿಸುತ್ತ ಬನ್ನಿ. ಮೂರು ಸ್ವರ ಕೇಳಿಸುವ ಹೊತ್ತಿಗೆ ಗೇನ್ ಸತ್ತೇ ಹೋಗಿದ್ದರೆ ಆ ಪೆಡಲನ್ನು ಅಲ್ಲಿಯೇ ಬಿಡಿ. ಬಳಸಿದ ಹಳೆಯ ಬಾಸ್ ಪೆಡಲ್ ಸಿಕ್ಕರೆ ಅಡಾಪ್ಟರಿನ ಹೆಸರು ಏನೆಂದು ಬರೆದಿದೆ ನೋಡಿ. ‘ಎಸಿಎ’ ಎಂದಿದ್ದರೆ ಅದು ಹಳೆಯ 12 ವೋಲ್ಟ್ ಅಡಾಪ್ಟರಿಗೆಂದು ಮಾಡಿದ್ದು, ಇಂದಿನ 9 ವೋಲ್ಟಿನಲ್ಲಿ ಸೊರಗಬಹುದು.

ಭಾಂಡೂಪಿನ ಹುಡುಗನಿಗೆ ನನ್ನ ಬಳಿಯಿದ್ದ ರ‍್ಯಾಟ್ ಮಾದರಿಯ ಪೆಡಲನ್ನು ಒಂದು ವಾರಕ್ಕೆ ಕೊಟ್ಟೆ. ಹಸಿರು ಪೆಡಲನ್ನು ಮಾರುವುದು ಬೇಡ ಎಂದೂ ಹೇಳಿದೆ. ಅದನ್ನು ಡಿಸ್ಟಾರ್ಷನ್ನಿನ ಮುಂದೆ ಇಟ್ಟು, ಡ್ರೈವನ್ನು ಸೊನ್ನೆಗೆ ಇಳಿಸಿ, ಲೆವೆಲನ್ನು ಏರಿಸಿದರೆ ಮಂದ್ರದ ಗೋಜಲು ಕಳೆದು ಸ್ವರಗಳು ಬಿಗಿಯಾಗುತ್ತವೆ. ಒಗ್ಗರಣೆಗೆ ಈಗ ಸಾರು ಸಿಕ್ಕಿತು. ಆಗಸ್ಟಿನಲ್ಲಿ ಅವನು ನನ್ನ ಪೆಡಲನ್ನು ಹಿಂದಿರುಗಿಸಲು ಬಂದಾಗ ಕೈಯಲ್ಲಿ ತನ್ನದೇ ಇನ್ನೊಂದಿತ್ತು, ಯಾರೋ ಬಳಸಿ ಮಾರಿದ್ದು. ಫಿಲ್ಟರ್ ನಾಬಿನ ಪಕ್ಕದಲ್ಲಿ ಬಿಳಿ ಬಣ್ಣದ ಒಂದು ಚುಕ್ಕೆ ಇಟ್ಟಿದ್ದ, ಎರಡು ಗಂಟೆಯ ಜಾಗದಲ್ಲಿ. “ಅಪ್ಪ ರಾತ್ರಿ ಹೋಟೆಲಿನಿಂದ ಬಂದು ಮಲಗಿದ ಮೇಲೆ ನುಡಿಸುವಾಗ ಇದು ಸರಿ, ಅಂಕಲ್” ಎಂದ.