ಭೂತ್ ಜೊಲೋಕಿಯಾ: ಕುಂಡದಿಂದ ಪುಡಿ ಡಬ್ಬಿವರೆಗೆ, ಮುಖ್ಯವಾಗಿ ಒಣಗಿಸೋದರ ಬಗ್ಗೆ

ಮನೇಲಿ ಭೂತ್ ಜೊಲೋಕಿಯಾ ಹಾಕಿರೋರಿಗೆ ಈ ನೋಟ್ಸ್. ಆಸಾಮ್, ನಾಗಾಲ್ಯಾಂಡ್ ಕಡೆಯ ಮೆಣಸಿನಕಾಯಿ ಇದು. 2007ರಲ್ಲಿ ಗಿನ್ನೆಸ್‌ನೋರು ಪ್ರಪಂಚದಲ್ಲೇ ಅತಿ ಖಾರ ಅಂತ ದಾಖಲಿಸಿದ್ರು, 10 ಲಕ್ಷ ಸ್ಕೋವಿಲ್ (ಖಾರ ಅಳೆಯೋ ಮಾನ) ದಾಟುತ್ತೆ. ಆಮೇಲೆ ಇದಕ್ಕಿಂತ ಖಾರದ ಕೆರೊಲಿನಾ ರೀಪರ್, 2023ರಲ್ಲಿ ಪೆಪ್ಪರ್ ಎಕ್ಸ್ ಎಲ್ಲ ಬಂದ್ವು, ಆದ್ರೂ ಅಡುಗೆಗೆ ಇದೇ ಧಾರಾಳವಾಯ್ತು.

ಬೆಳೆಸೋದು: ಬೀಜ ಮೊಳಕೆ ಬರೋಕೆ ಎರಡರಿಂದ ನಾಲ್ಕು ವಾರ ಬೇಕು, ಬೆಚ್ಚಗಿರಬೇಕು, ಬರ್ಲಿಲ್ಲ ಅಂತ ಮಣ್ಣು ಕೆದಕಬೇಡಿ. ಬಿಸಿಲು ಜಾಸ್ತಿಯಾದ್ರೆ ಹೂ ಉದುರುತ್ತೆ, ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ನೆರಳು ಕೊಡಿ. ಎಲೆ ಮುದುರಿಕೊಂಡ್ರೆ ಅಡಿಭಾಗ ನೋಡಿ, ನುಸಿ ಇದ್ರೆ ಸಂಜೆ ಹೊತ್ತು ಬೇವಿನೆಣ್ಣೆ.

ಈಗ ಒಣಗಿಸೋದು, ಎಲ್ಲ ಕೆಡೋದು ಇಲ್ಲೇ. ಬ್ಯಾಡಗಿ ಕಾಯಿ ಕೊಯ್ಲಿಗೆ ಬರೋದು ಒಣ ಹವೆಯಲ್ಲಿ, ಕಣದಲ್ಲಿ ಹರಡಿದ್ರೆ ಸಾಕು. ಕುಂಡದ ಜೊಲೋಕಿಯಾ ಮಳೆಗಾಲದಲ್ಲೇ ಹಣ್ಣಾಗಿಬಿಡಬಹುದು. ಇದರ ಸಿಪ್ಪೆ ತೆಳು, ಬೇಗ ಸುಕ್ಕಾಗಿ ಒಣಗಿದ ಹಾಗೇ ಕಾಣುತ್ತೆ, ಆದ್ರೆ ಒಳಗೆ ಬೀಜ ಅಂಟ್ಕೊಂಡಿರೋ ಬಿಳಿ ತಿರುಳಲ್ಲಿ ಪಸೆ ಹಾಗೇ ಇರುತ್ತೆ. ಆ ತಿರುಳಲ್ಲೂ ಖಾರ ಹುಟ್ಟುತ್ತೆ, ಬೀಜದಲ್ಲಲ್ಲ, ಅದಕ್ಕೇ ಅದನ್ನ ಕಿತ್ತು ಬಿಸಾಕೋ ಹಾಗೂ ಇಲ್ಲ. ಹಾಗಾಗಿ ಗ್ಲೌಸ್ ಹಾಕ್ಕೊಂಡು ತೊಟ್ಟು ತೆಗೆದು ಉದ್ದಕ್ಕೆ ಸೀಳಿ, ತಿರುಳು ಮೇಲೆ ಬರೋ ಹಾಗೆ ಡಿಹೈಡ್ರೇಟರ್ ಅಥವಾ ಓವನ್‌ನಲ್ಲಿ ಇಟ್ಟು 55-60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ. ನಾಗಾಲ್ಯಾಂಡಲ್ಲಿ ಒಲೆ ಮೇಲೆ ಹೊಗೆಯಲ್ಲಿ ಒಣಗಿಸೋದುಂಟು, ಆ ತೇವದ ಹವೆಗೆ ಅದೇ ಸರಿ.

ಒಣಗಿತಾ ಇಲ್ವಾ ಅನ್ನೋದು ಬಿಸಿ ಇರುವಾಗ ಗೊತ್ತಾಗಲ್ಲ. ಪೂರ್ತಿ ಒಣಗಿದ್ದೂ ಬಿಸೀಲಿ ಮೆತ್ತಗೇ ಬಾಗುತ್ತೆ. ಹೊರಗೆ ತೆಗೆದು ಆರಿದ ಮೇಲೆ ತಿರುಳಿನ ಹತ್ರ ಬಗ್ಗಿಸಿ, ಪಟ್ ಅಂತ ಮುರಿಬೇಕು. ಮುರಿತು ಅಂತ ಆಗ್ಲೇ ಮಿಕ್ಸಿಗೆ ಹಾಕಬೇಡಿ, ಗಾಜಿನ ಬಾಟ್ಲಿಗೆ ತುಂಬಿ ಬಿಗಿಯಾಗಿ ಮುಚ್ಚಿ ಒಂದು ರಾತ್ರಿ ಬಿಡಿ. ತಿರುಳಲ್ಲಿ ಪಸೆ ಉಳಿದಿದ್ರೆ ಅದು ಗರಿಗರಿಯಾಗಿದ್ದ ಸಿಪ್ಪೆಗೂ ಹರಡಿ ಬೆಳಿಗ್ಗೆ ಎಲ್ಲ ಮೆತ್ತಗಾಗಿರುತ್ತೆ, ಮತ್ತೆ ಒಣಗಿಸಬೇಕು. ಬೆಳಿಗ್ಗೆನೂ ಗರಿಗರಿ ಇದ್ರೆ ಮಾತ್ರ ಪುಡಿ ಮಾಡಿ. ಈ ಒಂದು ರಾತ್ರಿ ಕಾಯದೆ ಪುಡಿ ಮಾಡಿದ್ರೆ ಡಬ್ಬೀಲಿ ಗಂಟು ಕಟ್ಟಿ ಬೂಷ್ಟು ಹಿಡಿಯುತ್ತೆ, ಬೂಷ್ಟು ಬಂದ ಮೇಲೆ ಬಿಸಾಕೋದು ಬಿಟ್ಟು ಬೇರೆ ದಾರಿ ಇಲ್ಲ.

ಪುಡಿ: ಕಿಟಕಿ ತೆಗೆದು, ಮಾಸ್ಕ್ ಕನ್ನಡಕ ಹಾಕಿ, ಮಕ್ಕಳನ್ನ ಆಚೆ ಕಳ್ಸಿ. ಮಿಕ್ಸಿ ನಿಂತ ಮೇಲೂ ಹತ್ತು ನಿಮಿಷ ಮುಚ್ಚಳ ತೆಗಿಬೇಡಿ, ಘಾಟು ಕೂರಲಿ. ಬಣ್ಣಕ್ಕೆ ಬ್ಯಾಡಗಿ ಪುಡಿ, ಅದರ ಜೊತೆ ಖಾರಕ್ಕೆ ಇದು ಒಂದೇ ಚಿಟಿಕೆ, ಹುಳಿ (ಸಾಂಬಾರು) ಮಾಡೋಕೆ ಅಷ್ಟೇ ಸಾಕು. ಕೈ ಉರಿದ್ರೆ ಬರೀ ನೀರಿಗೆ ಹೋಗಲ್ಲ, ಮೊದಲು ಅಡುಗೆ ಎಣ್ಣೆ ತಿಕ್ಕಿ ಆಮೇಲೆ ಸೋಪು ಹಾಕಿ ತೊಳೀರಿ.