ಗುಳಿಗೆ ಒಂದೇ, ಅದರ ಜೊತೆ ಹೊಟ್ಟೆಗೆ ಹೋಗುವುದು ಏನೇನು?

ಎಚ್‌ಐವಿಗೆ ಕೊಡುವ ಡೊಲುಟೆಗ್ರಾವಿರ್ ಎಂಬ ಔಷಧದ ಶಕ್ತಿಯೆಲ್ಲ ಇರುವುದು ಲೋಹವನ್ನು ಹಿಡಿದುಕೊಳ್ಳುವ ಅದರ ಗುಣದಲ್ಲಿ. ಎಚ್‌ಐವಿ ವೈರಸ್ ನಮ್ಮ ಸಿಡಿ4 ಎಂಬ ಬಿಳಿ ರಕ್ತಕಣದೊಳಗೆ ನುಗ್ಗುತ್ತದೆ, ತನ್ನ ಆರ್‌ಎನ್‌ಎಯಿಂದ ಡಿಎನ್‌ಎ ಪ್ರತಿ ಮಾಡಿಕೊಳ್ಳುತ್ತದೆ, ಆ ಪ್ರತಿಯನ್ನು ನಮ್ಮದೇ ಡಿಎನ್‌ಎಯ ನಡುವೆ ಸೇರಿಸಿಬಿಡುತ್ತದೆ. ಸೇರಿಸುವ ಕೆಲಸ ಇಂಟಿಗ್ರೇಸ್ ಎಂಬ ಕಿಣ್ವದ್ದು. ಈ ಕಿಣ್ವ ಕೆಲಸ ಮಾಡುವ ಜಾಗದಲ್ಲಿ ಎರಡು ಮೆಗ್ನೀಸಿಯಂ ಅಯಾನುಗಳಿರುತ್ತವೆ. ಡೊಲುಟೆಗ್ರಾವಿರ್ ಹೋಗಿ ಆ ಎರಡನ್ನೂ ಗಟ್ಟಿಯಾಗಿ ಹಿಡಿದು ಕೂರುತ್ತದೆ. ಅಲ್ಲಿಗೆ ಕಿಣ್ವದ ಕೆಲಸ ನಿಂತಿತು.

ಆದರೆ ವೈರಸ್ಸಿನ ಮೆಗ್ನೀಸಿಯಂ ಯಾವುದು, ಎದೆಯುರಿಗೆ ಕುಡಿಯುವ ಆಂಟಾಸಿಡ್ ಸಿರಪ್ಪಿನ ಮೆಗ್ನೀಸಿಯಂ ಯಾವುದು ಎಂದು ಈ ಔಷಧಕ್ಕೆ ಗೊತ್ತಾಗುವುದಿಲ್ಲ. ಅಲ್ಯೂಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ ಸಿಕ್ಕರೂ ಅಷ್ಟೇ, ಕರುಳಿನಲ್ಲೇ ಅಂಟಿಕೊಂಡುಬಿಡುತ್ತದೆ. ಹಾಗೆ ಅಂಟಿಕೊಂಡ ಔಷಧ ರಕ್ತಕ್ಕೆ ಸೇರುವುದಿಲ್ಲ, ಮಲದಲ್ಲಿ ಹೊರಟುಹೋಗುತ್ತದೆ. ನುಂಗಿದವರು ಮಾತ್ರ ಇವತ್ತಿನ ಗುಳಿಗೆ ಆಯಿತು ಎಂದುಕೊಂಡಿರುತ್ತಾರೆ.

ಬಾಗಲಕೋಟೆ ಕಡೆಯ ಎ.ಆರ್.ಟಿ. (ಎಚ್‌ಐವಿ ಚಿಕಿತ್ಸೆ) ಕೇಂದ್ರವೊಂದರಲ್ಲಿ ಕೇಳಿಬಂದ ಮಾತಿದು. ‘ಗುಳಿಗಿ ನುಂಗಿದ ಮ್ಯಾಲೆ ಎದಿ ಉರಿತೈತ್ರಿ. ಅದಕ್ಕ ಆ ಗುಲಾಬಿ ಔಷಧಾ ಎರಡ ಚಮಚ ಕುಡಿತೀನ್ರಿ.’ ಹೇಳಿದಾಕೆ ಒಂದು ದಿನವೂ ಗುಳಿಗೆ ತಪ್ಪಿಸಿದವರಲ್ಲ. ಆಪ್ತಸಮಾಲೋಚಕಿ ಗದರಲಿಲ್ಲ. ‘ಕುಡಿಬ್ಯಾಡ್ರಿ ಅನ್ನಂಗಿಲ್ಲ ಯಕ್ಕಾ. ಗುಳಿಗಿ ಮುಂಜಾನೆ ನುಂಗ್ರಿ, ಔಷಧಾ ಮಧ್ಯಾಹ್ನ ಊಟಾ ಆದಮ್ಯಾಲೆ ಕುಡೀರಿ’ ಎಂದರು. ಈ ಸಲಹೆಯ ಹಿಂದಿರುವ ಲೆಕ್ಕ ಸರಳ. ಡೊಲುಟೆಗ್ರಾವಿರ್ ನುಂಗಿ 2 ಗಂಟೆ ಕಳೆದಿದ್ದರೆ ಅದು ಆಗಲೇ ರಕ್ತಕ್ಕೆ ಸೇರಿರುತ್ತದೆ, ಆಮೇಲೆ ಆಂಟಾಸಿಡ್ ಕುಡಿಯಬಹುದು. ಆಂಟಾಸಿಡ್ ಮೊದಲೇ ಕುಡಿದಿದ್ದರೆ ಗುಳಿಗೆಗೆ 6 ಗಂಟೆ ಕಾಯಬೇಕು.

ಗರ್ಭಿಣಿಯರ ವಿಷಯದಲ್ಲಿ ಈ ಲೆಕ್ಕಕ್ಕೆ ಇನ್ನೂ ಹೆಚ್ಚಿನ ತೂಕ. ಮುಧೋಳದಲ್ಲಿರಲಿ, ಇಂಡಿಯಲ್ಲಿರಲಿ, ಬಸುರಿ ಹೆಣ್ಣುಮಗಳಿಗೆ ಆಶಾ ಕಾರ್ಯಕರ್ತೆ ತಂದುಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. ಅದರ ಜೊತೆಗೆ ಕ್ಯಾಲ್ಸಿಯಂ ಗುಳಿಗೆ ಬೇರೆ. ಎರಡೂ ಬೇಕೇಬೇಕು, ಒಂದನ್ನೂ ಬಿಡುವಂತಿಲ್ಲ. ಆದರೆ ಆಕೆಗೆ ಎಚ್‌ಐವಿ ಇರುವುದು ಆಶಾಗೆ ತಿಳಿದಿರುವುದಿಲ್ಲ, ಆಕೆ ಹೇಳಿಯೂ ಇರುವುದಿಲ್ಲ. ರಾತ್ರಿ ಮಲಗುವ ಮುಂಚೆ ಎಲ್ಲ ಗುಳಿಗೆಯನ್ನೂ ಅಂಗೈಗೆ ಸುರಿದುಕೊಂಡು, ಖಾಲಿ ಹೊಟ್ಟೆಯಲ್ಲಿ ಒಂದೇ ಗುಟುಕಿಗೆ ನುಂಗಿದರೆ, ಕೂಸಿಗೆ ಸೋಂಕು ದಾಟದಂತೆ ಕಾಯಬೇಕಾದ ಔಷಧವೇ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎ.ಆರ್.ಟಿ. ಗುಳಿಗೆಯನ್ನು ಬೆಳಗ್ಗೆ ಎದ್ದ ಕೂಡಲೇ ನುಂಗಿ, ಕಬ್ಬಿಣ ಮಧ್ಯಾಹ್ನಕ್ಕೆ, ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಎಂದು ಹಂಚಿಕೊಂಡರೆ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಹೊಟ್ಟೆ ತುಂಬ ಉಂಡ ಮೇಲಾದರೆ ಕಬ್ಬಿಣವನ್ನೋ ಕ್ಯಾಲ್ಸಿಯಮ್ಮನ್ನೋ ಡೊಲುಟೆಗ್ರಾವಿರ್ ಜೊತೆಯಲ್ಲೇ ನುಂಗಿದರೂ ನಡೆಯುತ್ತದೆ, ಏಕೆಂದರೆ ಅನ್ನ-ರೊಟ್ಟಿಯ ಜೊತೆಗೆ ಈ ಔಷಧ ಹೆಚ್ಚು ಚೆನ್ನಾಗಿ ಹೀರಿಕೆಯಾಗುತ್ತದೆ. ಆಂಟಾಸಿಡ್‌ಗೆ ಮಾತ್ರ ಈ ರಿಯಾಯಿತಿ ಇಲ್ಲ. ಲೋಹಭಸ್ಮ, ಶಂಖಭಸ್ಮ ತೆಗೆದುಕೊಳ್ಳುವವರು ಅದನ್ನೂ ಡಾಕ್ಟರಿಗೆ ತಿಳಿಸಬೇಕು. ಅವುಗಳಲ್ಲಿರುವುದೂ ಕಬ್ಬಿಣ, ಕ್ಯಾಲ್ಸಿಯಂ ತಾನೇ.

ಈಗ ಸರಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ವಯಸ್ಕರಿಗೆ ಹೆಚ್ಚಾಗಿ ಕೊಡುವ ‘ಟಿಎಲ್‌ಡಿ’ ಗುಳಿಗೆಯಲ್ಲಿ ಮೂರು ಔಷಧಗಳಿವೆ: ಟೆನೊಫೊವಿರ್ 300 ಮಿಲಿಗ್ರಾಂ, ಲ್ಯಾಮಿವುಡಿನ್ 300 ಮಿಲಿಗ್ರಾಂ, ಡೊಲುಟೆಗ್ರಾವಿರ್ 50 ಮಿಲಿಗ್ರಾಂ. ಮೊದಲೆರಡು ವೈರಸ್ ಡಿಎನ್‌ಎ ಪ್ರತಿ ಮಾಡಿಕೊಳ್ಳುವ ಹಂತದಲ್ಲಿ ತಡೆಯುತ್ತವೆ, ಮೂರನೆಯದು ಆ ಪ್ರತಿಯನ್ನು ಸೇರಿಸುವ ಹಂತದಲ್ಲಿ. ಒಂದೇ ಔಷಧ ಏಕೆ ಸಾಲದು? ಚಿಕಿತ್ಸೆ ಇಲ್ಲದ ದೇಹದಲ್ಲಿ ದಿನಕ್ಕೆ ಸುಮಾರು 1000 ಕೋಟಿ ಹೊಸ ವೈರಸ್ ಕಣ ಹುಟ್ಟುತ್ತವೆ. ಪ್ರತಿ ಮಾಡುವಾಗ ತಪ್ಪು ತಿದ್ದುವ ವ್ಯವಸ್ಥೆ ಈ ವೈರಸ್ಸಿಗಿಲ್ಲ. ಅಂಥ ರಾಶಿಯಲ್ಲಿ ಒಂದು ಔಷಧವನ್ನು ತಪ್ಪಿಸಿಕೊಳ್ಳುವ ಬದಲಾವಣೆ ಎಲ್ಲೋ ಒಂದರಲ್ಲಿ ಆಗಿಯೇ ಆಗುತ್ತದೆ. ಲ್ಯಾಮಿವುಡಿನ್ ಸೋಲುವುದಕ್ಕೆ ಒಂದೇ ಒಂದು ಬದಲಾವಣೆ ಸಾಕು. ಮೂರನ್ನೂ ಒಟ್ಟಿಗೆ ತಪ್ಪಿಸಿಕೊಳ್ಳುವ ಕಣ ಹುಟ್ಟುವುದು ಮಾತ್ರ ಬಹಳ ಕಷ್ಟ.

ಆ ಮೂರೂ ರಕ್ತದಲ್ಲಿ ಸದಾ ಒಟ್ಟಿಗೆ ಇರಬೇಕು ಎನ್ನುವುದಕ್ಕೆ ಕಾರಣ ಇದೇ. ಗುಳಿಗೆ ಬಿಟ್ಟಾಗ ಮೂರೂ ಒಂದೇ ಹೊತ್ತಿಗೆ ದೇಹ ಬಿಡುವುದಿಲ್ಲ. ಟೆನೊಫೊವಿರ್ ಜೀವಕೋಶಗಳೊಳಗೆ ಉಳಿದೆರಡಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ಅಷ್ಟು ದಿನ ಅದೊಂದೇ ಹೋರಾಡಬೇಕಾಗುತ್ತದೆ. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ನುಂಗಬೇಕು. ಮುಂದಿನ ಗುಳಿಗೆಯ ಹೊತ್ತು ಹತ್ತಿರ ಬಂದಿದ್ದರೆ ಅದೊಂದನ್ನೇ ನುಂಗಿದರೆ ಸಾಕು, ಎರಡನ್ನು ಒಟ್ಟಿಗೆ ನುಂಗುವುದು ಬೇಡ.

ಈ ಭಾಗದವರು ಇದನ್ನೆಲ್ಲ ತಿಳಿದುಕೊಳ್ಳುವುದು ಯಾಕೆ ಮುಖ್ಯ ಎನ್ನುವುದಕ್ಕೆ ಹಿನ್ನೆಲೆ ಇದೆ. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯಲ್ಲಿ ನಡೆದ ಸಮುದಾಯ ಸಮೀಕ್ಷೆಯಲ್ಲಿ ನೂರು ವಯಸ್ಕರಲ್ಲಿ ಸುಮಾರು 3 ಮಂದಿಗೆ ಎಚ್‌ಐವಿ ಇರುವುದು ಕಂಡುಬಂದಿತ್ತು. ಹಳ್ಳಿಗಳನ್ನೂ ಬಿಟ್ಟಿರಲಿಲ್ಲ. ಸರಕಾರ ಉಚಿತವಾಗಿ ಎ.ಆರ್.ಟಿ. ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ಗುಳಿಗೆ ಕೊಳ್ಳಲು ಹೊಲ ಮಾರಿದವರಿದ್ದಾರೆ, ಮಾರಲು ಹೊಲವೂ ಇಲ್ಲದೆ ಹೋದವರು ಅದಕ್ಕಿಂತ ಹೆಚ್ಚು. ಮೊದಲ ವರ್ಷಗಳ ಸ್ಟಾವುಡಿನ್‌ನಿಂದ ಕಾಲು ಜೋಮು ಹಿಡಿದು ಉರಿಯುತ್ತಿತ್ತು, ಝಿಡೊವುಡಿನ್‌ನಿಂದ ರಕ್ತ ಕಡಿಮೆಯಾಗುತ್ತಿತ್ತು. 2017ರಿಂದ ಸಿಡಿ4 ಕೌಂಟ್ ಎಷ್ಟೇ ಇರಲಿ, ಸೋಂಕು ಗೊತ್ತಾದ ಎಲ್ಲರಿಗೂ ಚಿಕಿತ್ಸೆ ಎಂದಾಯಿತು. ಆಮೇಲೆ ಬಂದ ಟಿಎಲ್‌ಡಿ ಹಿಂದಿನವುಗಳಿಗಿಂತ ಎಷ್ಟೋ ಸೌಮ್ಯ. ಕೆಲವರಿಗೆ ನಿದ್ದೆ ಬರುವುದಿಲ್ಲ, ಅಂಥವರು ಬೆಳಗ್ಗೆ ನುಂಗಿದರೆ ಅನುಕೂಲ. ಕೆಲವರಿಗೆ ತೂಕ ಏರುತ್ತದೆ.

ಮೂತ್ರಪಿಂಡದ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಹೇಳಬೇಕು. ಟೆನೊಫೊವಿರ್ ಕೆಲವರ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು. ಅದಕ್ಕೇ ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗಾಗ ಆಗಲೇಬೇಕು. ಡೊಲುಟೆಗ್ರಾವಿರ್ ಶುರುವಾದ ಮೊದಲ ವಾರಗಳಲ್ಲಿ ಮೂತ್ರಪಿಂಡಕ್ಕೆ ಏನೂ ಆಗದೆಯೂ ಕ್ರಿಯಾಟಿನಿನ್ ತುಸು ಏರುತ್ತದೆ, ಆದ್ದರಿಂದ ಅಂಕಿ ನೋಡಿ ಗಾಬರಿಯಾಗಿ ಗುಳಿಗೆ ಬಿಡಬಾರದು, ಡಾಕ್ಟರಿಗೆ ತೋರಿಸಬೇಕು. ನಿಜವಾದ ಅಪಾಯ ಬೇರೆ ಕಡೆಯಿಂದ ಬರುತ್ತದೆ. ಇಡೀ ದಿನ ಕಬ್ಬು ಕಡಿದು ಬಂದವರು ಮೈಕೈ ನೋವಿಗೆಂದು ಊರಿನ ದವಾಖಾನೆಗೆ ಹೋಗಿ ಒಂದು ಸೂಜಿ ಹಾಕಿ ಎನ್ನುತ್ತಾರೆ. ಹಾಕುವುದು ಬಹುಪಾಲು ಡೈಕ್ಲೋಫೆನಾಕ್. ಬಿಸಿಲಿಗೆ ಬೆವರಿ ನೀರು ಕಳೆದುಕೊಂಡ ದೇಹ, ಟೆನೊಫೊವಿರ್, ಅದರ ಮೇಲೆ ಪದೇ ಪದೇ ಈ ಸೂಜಿ, ಮೂರೂ ಕೂಡಿದರೆ ಮೂತ್ರಪಿಂಡ ತಡೆದುಕೊಳ್ಳುವುದು ಕಷ್ಟ. ಪ್ಯಾರಾಸಿಟಮಾಲ್ ಕೊಟ್ಟರೆ ಸಾಕಾಗುತ್ತಿತ್ತು, ಆದರೆ ಸೂಜಿ ಹಾಕುವವರಿಗೆ ಈ ಮನುಷ್ಯ ಎ.ಆರ್.ಟಿ. ಮೇಲಿದ್ದಾನೆ ಎಂದು ಗೊತ್ತಿರುವುದಿಲ್ಲ.

ಟಿಬಿಯಲ್ಲೂ ಇದೇ ಕಥೆ. ಎಚ್‌ಐವಿ ಇರುವವರಿಗೆ ಟಿಬಿ ಬರುವುದು ಹೆಚ್ಚು. ಅದರ ಮುಖ್ಯ ಔಷಧ ರಿಫಾಂಪಿಸಿನ್, ಔಷಧಗಳನ್ನು ಕರಗಿಸಿ ಹೊರಹಾಕುವ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಡೊಲುಟೆಗ್ರಾವಿರ್ ಬೇಗ ಬೇಗ ಖಾಲಿಯಾಗುತ್ತದೆ. ಅದಕ್ಕೇ ಟಿಎಲ್‌ಡಿ ನುಂಗಿದ 12 ಗಂಟೆಗೆ ಇನ್ನೊಂದು 50 ಮಿಲಿಗ್ರಾಂ ಡೊಲುಟೆಗ್ರಾವಿರ್ ಸೇರಿಸಿ ಕೊಡುತ್ತಾರೆ, ಟಿಬಿ ಚಿಕಿತ್ಸೆ ಮುಗಿದ ಮೇಲೂ ಎರಡು ವಾರ ಅದು ನಡೆಯಬೇಕು. ಫಿಟ್ಸಿಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ಹೀಗೇ ಅಡ್ಡ ಬರುತ್ತವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ವಿಷಯದಲ್ಲಿ ತಿರುವುಮುರುವು: ಡೊಲುಟೆಗ್ರಾವಿರ್ ಇದ್ದಾಗ ಮೆಟ್‌ಫಾರ್ಮಿನ್ ರಕ್ತದಲ್ಲಿ ಹೆಚ್ಚುತ್ತದೆ, ಆದ್ದರಿಂದ ಸಾಮಾನ್ಯವಾಗಿ ಅದನ್ನು ದಿನಕ್ಕೆ 1000 ಮಿಲಿಗ್ರಾಂ ದಾಟಿಸುವುದಿಲ್ಲ. ಹೆಪಟೈಟಿಸ್ ಬಿ ಇದ್ದವರಿಗೆ ಟೆನೊಫೊವಿರ್, ಲ್ಯಾಮಿವುಡಿನ್ ಎರಡೂ ಆ ರೋಗಕ್ಕೂ ಮದ್ದು, ಹಠಾತ್ತಾಗಿ ಬಿಟ್ಟರೆ ಯಕೃತ್ತಿನ ಉರಿಯೂತ ಕೆರಳಬಹುದು.

ಇದೆಲ್ಲವನ್ನೂ ಕೂಡಿಸಿ ನೋಡಿದಾಗ ನನಗೆ ಕಾಣುವುದು ಇಷ್ಟು. ಈ ಗುಳಿಗೆಯನ್ನು ಅಪಾಯಕ್ಕೆ ನೂಕುವುದು ಹೆಚ್ಚಿನ ಸಲ ಗುಟ್ಟು. ಬಾಟಲಿಯ ಲೇಬಲ್ ಕಿತ್ತುಹಾಕುತ್ತಾರೆ. ಚೀಲದೊಳಗೆ ಗುಳಿಗೆ ಗಲಗಲ ಎನ್ನುತ್ತದೆಂದು ಕಾಗದದಲ್ಲಿ ಸುತ್ತಿ ಅಡಕೆ ಡಬ್ಬಿಗೆ ತುಂಬುತ್ತಾರೆ, ತೇವ ಹೀರುವ ಸಣ್ಣ ಪೊಟ್ಟಣ ಹಳೆಯ ಬಾಟಲಿಯಲ್ಲೇ ಉಳಿಯುತ್ತದೆ. ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ತಗಡಿನ ಕೆಳಗೆ ಬಚ್ಚಿಟ್ಟ ಡಬ್ಬಿ ಏನಾಗಬೇಕು? ಈ ಗುಳಿಗೆಯನ್ನು 30 ಡಿಗ್ರಿಯ ಒಳಗೆ, ತನ್ನದೇ ಬಾಟಲಿಯಲ್ಲಿ ಇಡಬೇಕು. ಮುಚ್ಚಿಡುವವರನ್ನು ನಾನು ದೂರುವುದಿಲ್ಲ. ಊರಲ್ಲಿ ನೀರಿನ ಕೊಡ ಮುಟ್ಟಗೊಡದ ಕಾಲವನ್ನು ಅವರು ಕಂಡಿದ್ದಾರೆ. ಆದರೆ ಊರಿಗೆ ಹೇಳುವುದು ಬೇರೆ, ಔಷಧ ಬರೆಯುವ ಡಾಕ್ಟರಿಗೆ ಹೇಳುವುದು ಬೇರೆ. ಸಂಸತ್ತು 2017ರಲ್ಲಿ ಮಾಡಿದ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಚಿಕಿತ್ಸೆಯಲ್ಲಿ, ಕೆಲಸದಲ್ಲಿ, ಶಾಲೆಯಲ್ಲಿ ತಾರತಮ್ಯ ಮಾಡುವುದನ್ನು ಅದು ನಿಷೇಧಿಸಿದೆ, ಒಪ್ಪಿಗೆ ಇಲ್ಲದೆ ಸೋಂಕಿನ ವಿಷಯ ಬಹಿರಂಗಪಡಿಸುವುದನ್ನೂ ತಡೆಯುತ್ತದೆ. ಬಾಯಿಬಿಟ್ಟು ಹೇಳಲು ಕಷ್ಟವಾದರೆ ಎ.ಆರ್.ಟಿ. ಕೇಂದ್ರ ಕೊಟ್ಟ ಪುಸ್ತಕ ತೋರಿಸಿದರೂ ಆದೀತು.

ಸರಿಯಾಗಿ ನುಂಗಿದವರಿಗೆ ಸಿಗುವುದು ಸಣ್ಣದೇನಲ್ಲ. ಹೆಚ್ಚಿನವರಲ್ಲಿ ಆರು ತಿಂಗಳೊಳಗೆ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಯುರೋಪಿನ ಪಾರ್ಟ್ನರ್ ಅಧ್ಯಯನದಲ್ಲಿ, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ಜೋಡಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಚಿಕಿತ್ಸೆಯಿಂದ ವೈರಲ್ ಲೋಡ್ ಒಂದು ಮಿಲಿಲೀಟರ್ ರಕ್ತಕ್ಕೆ 200 ಪ್ರತಿಗಳಿಗಿಂತ ಕೆಳಗಿದ್ದ ಸಂಗಾತಿಯಿಂದ ಕಾಂಡೋಮ್ ಇಲ್ಲದ ಸಂಪರ್ಕದಲ್ಲೂ ಒಬ್ಬರಿಗೂ ಎಚ್‌ಐವಿ ದಾಟಲಿಲ್ಲ. ಹಾಗೆಂದು ವೈರಸ್ ದೇಹ ಬಿಟ್ಟು ಹೋಗಿರುವುದಿಲ್ಲ. ಕೆಲವು ಸಿಡಿ4 ಕಣಗಳ ಡಿಎನ್‌ಎಯಲ್ಲಿ ಅದು ಸುಮ್ಮನೆ ಮಲಗಿರುತ್ತದೆ. ಗುಳಿಗೆ ನಿಲ್ಲಿಸಿದರೆ ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ಮತ್ತೆ ಎದ್ದೇಳುತ್ತದೆ.

ಹೀಗಾಗಿ ದುಡಿಯಲು ಗೋವಾಕ್ಕೋ ಪುಣೆಗೋ ಹೋಗುವವರು, ಕಬ್ಬಿನ ಸುಗ್ಗಿಗೆ ಗಡಿ ದಾಟುವವರು ಹೊರಡುವ ಮೊದಲೇ ಕೇಂದ್ರಕ್ಕೆ ಹೋಗಿ ತಿಳಿಸುವುದು ಒಳ್ಳೆಯದು. ಆರೋಗ್ಯ ಸ್ಥಿರವಾಗಿದ್ದವರಿಗೆ ಕೆಲವು ತಿಂಗಳ ಗುಳಿಗೆಯನ್ನು ಒಟ್ಟಿಗೆ ಕೊಡುತ್ತಾರೆ. ಹೆಚ್ಚು ದಿನ ಇರುವುದಾದರೆ ಹೋಗುವ ಊರಿನ ಎ.ಆರ್.ಟಿ. ಕೇಂದ್ರಕ್ಕೆ ವರ್ಗ ಮಾಡಿಕೊಡುತ್ತಾರೆ, ಅಲ್ಲೂ ಗುಳಿಗೆಗೆ ದುಡ್ಡು ಕೊಡಬೇಕಿಲ್ಲ. ಆ ಊರಿನ ಕೇಂದ್ರ ಎಲ್ಲಿದೆ ಎಂದು ಕೇಳಲು 1097ಕ್ಕೆ ಫೋನ್ ಮಾಡಬಹುದು. ಕರೆ ಉಚಿತ.