ಪಾಯಿಂಟು, ಬ್ಯಾಡ್ಜು ಕೊಟ್ಟರೆ ಕಚೇರಿಯಲ್ಲಿ ಹುರುಪು ಬರುತ್ತದೆಯೇ?

ಪ್ರಶ್ನೆ: ನಮ್ಮದು 40 ಜನರ ಕಸ್ಟಮರ್ ಸಪೋರ್ಟ್ ಕಚೇರಿ. ಸಂಬಳ ತಕ್ಕಮಟ್ಟಿಗಿದೆ, ಆದರೂ ಹುಡುಗ ಹುಡುಗಿಯರಲ್ಲಿ ಹುರುಪು ಕಾಣುತ್ತಿಲ್ಲ. ಕೆಲಸವನ್ನು ಆಟದ ಹಾಗೆ ಮಾಡಿ, ಪಾಯಿಂಟ್, ಬ್ಯಾಡ್ಜ್, ಗೋಡೆಯ ಟಿವಿಯಲ್ಲಿ ಲೀಡರ್‌ಬೋರ್ಡ್ (ಯಾರು ಮುಂದೆ, ಯಾರು ಹಿಂದೆ ಎಂದು ತೋರಿಸುವ ಪಟ್ಟಿ) ಹಾಕಿ ಎಂದು ಸಾಫ್ಟ್‌ವೇರ್ ಮಾರುವವರು ಹೇಳುತ್ತಾರೆ. ಇದರಿಂದ ನಿಜಕ್ಕೂ ಉಪಯೋಗವಿದೆಯೇ?

ಉತ್ತರ: ಇದೆ. ಆದರೆ ಮಾರುವವರು ತೋರಿಸುವ ಜಾಗದಲ್ಲಿ ಅಲ್ಲ. ಜನ ಸಂಬಳ ಪಡೆದು ಮಾಡುವ ಮುಖ್ಯ ಕೆಲಸಕ್ಕೆ ಆಟ ಕಟ್ಟಿದರೆ ಬಹುತೇಕ ಕೆಡುತ್ತದೆ. ಯಾರ ಪಾಲಿಗೂ ಬೀಳದೆ ಉಳಿದುಹೋಗುವ ಅಕ್ಕಪಕ್ಕದ ಕೆಲಸಕ್ಕೆ ಕಟ್ಟಿದರೆ ಚೆನ್ನಾಗಿ ನಡೆಯುತ್ತದೆ.

ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. 2008ರ ಅಕ್ಟೋಬರ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾಲಾಜಿ ಪ್ರಭಾಕರ್ ಮತ್ತು ಸಂಗಡಿಗರು ಇಲ್ಲಿನ ಇನ್ಫೋಸಿಸ್‌ನಲ್ಲಿ 'ಇನ್‌ಸ್ಟಂಟ್' ಎಂಬ ಪ್ರಯೋಗ ಶುರು ಮಾಡಿದರು. ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ಆಗಿನ್ನೂ ಮುಗಿದಿರಲಿಲ್ಲ. ಹೊಸೂರು ರಸ್ತೆಯಲ್ಲಿ ಬೆಳಗಿನ ಹೊತ್ತು ಹೇಗಿರುತ್ತಿತ್ತು ಎಂದು ಅಲ್ಲಿ ಓಡಾಡಿದವರಿಗೆ ಹೇಳಬೇಕಾಗಿಲ್ಲ. ಆಟ ಬಲು ಸರಳ. ಟ್ರಾಫಿಕ್ ಏರುವ ಮೊದಲೇ ಕಚೇರಿ ತಲುಪಿದವರಿಗೆ ಅಂಕ, ಅಂಕ ಸೇರಿಸಿಕೊಂಡವರ ಹೆಸರಲ್ಲಿ ವಾರಕ್ಕೊಮ್ಮೆ ಲಾಟರಿ. ಅದೇ ಹಣವನ್ನು ಎಲ್ಲರಿಗೂ ಸಮನಾಗಿ ಹಂಚಿದ್ದರೆ ತಲೆಗೆ ಒಂದು ಕಾಫಿಯ ಕಾಸೂ ಸಿಗುತ್ತಿತ್ತೋ ಇಲ್ಲವೋ, ಅದಕ್ಕಾಗಿ ಯಾರು ಬೇಗ ಏಳುತ್ತಾರೆ? ಒಂದೇ ಸಲ ಸಾವಿರಾರು ರೂಪಾಯಿ ಬರಬಹುದು ಎಂಬ ಆಸೆ ಮಾತ್ರ ಹಾಸಿಗೆಯಿಂದ ಎಬ್ಬಿಸಿತು. ಆರು ತಿಂಗಳು ನಡೆದ ಈ ಯೋಜನೆಯಲ್ಲಿ ಬೇಗ ಬರುವವರ ಸಂಖ್ಯೆ ಎರಡು ಪಟ್ಟಾಯಿತು. ಬೆಳಗಿನ ಸರಾಸರಿ ಪ್ರಯಾಣ 71 ನಿಮಿಷದಿಂದ 54 ನಿಮಿಷಕ್ಕೆ ಇಳಿಯಿತು.

ಇಲ್ಲಿ ಯಾರಿಗೂ ಹೆಚ್ಚು ಕೋಡ್ ಬರೆಯಿರಿ ಎಂದು ಹೇಳಿರಲಿಲ್ಲ. ಲಾಟರಿ ಹೊಡೆಯದಿದ್ದರೂ ಬಸ್ಸಿನಲ್ಲಿ ಕೂರುವ ಹೊತ್ತು ಉಳಿಯುತ್ತಿತ್ತು, ಆ ಲಾಭ ಆಡಿದವರದೇ.

ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 7 ತಯಾರಿಸುವಾಗಲೂ ಇಂಥದ್ದೇ ದಾರಿ ಹಿಡಿಯಿತು. ಹತ್ತಾರು ಭಾಷೆಗಳಿಗೆ ಅನುವಾದವಾದ ಪರದೆಗಳಲ್ಲಿ ತಪ್ಪು ಹುಡುಕಬೇಕಿತ್ತು. ತಲೆ ಚಿಟ್ಟು ಹಿಡಿಸುವ ಕೆಲಸ, ಹಾಗೆ ನೋಡಿದರೆ ಯಾರ ಜವಾಬ್ದಾರಿಯೂ ಅಲ್ಲ. ಅದನ್ನೇ ಆಟ ಮಾಡಿ, ಆಯಾ ಭಾಷೆ ಬಲ್ಲ ಸಿಬ್ಬಂದಿಯನ್ನು ಕರೆದರು. ಸುಮಾರು 4,500 ಜನ ಐದು ಲಕ್ಷ ಪರದೆಗಳನ್ನು ನೋಡಿ 6,700ರಷ್ಟು ತಪ್ಪು ಹಿಡಿದರು. ಜಪಾನಿನ ಕಚೇರಿಯವರಂತೂ ಇದಕ್ಕೆಂದೇ ಒಂದು ದಿನ ಬಿಡುವು ಮಾಡಿಕೊಂಡು ಕೂತರು.

ಇನ್ನು ಕೆಟ್ಟುಹೋದ ಕಥೆ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿ ಹೋಟೆಲುಗಳ ಬಟ್ಟೆ ಒಗೆಯುವ ವಿಭಾಗದಲ್ಲಿ ದೊಡ್ಡ ಪರದೆ ತೂಗುಹಾಕಿದರು. ಯಾರು ಎಷ್ಟು ವೇಗವಾಗಿ ಕೆಲಸ ಮಾಡುತ್ತಿದ್ದಾರೆ ಎಂಬುದು ಹೆಸರಿನ ಸಮೇತ ಎಲ್ಲರಿಗೂ ಕಾಣಬೇಕು, ಟಾರ್ಗೆಟ್ ಮುಟ್ಟಿದವರಿಗೆ ಒಂದು ಬಣ್ಣ, ಹಿಂದೆ ಬಿದ್ದವರಿಗೆ ಇನ್ನೊಂದು. ಕೆಲಸದವರು ಅದಕ್ಕಿಟ್ಟ ಹೆಸರು 'ಎಲೆಕ್ಟ್ರಾನಿಕ್ ಚಾಟಿ'. ಅಂಕ ಕಡಿಮೆಯಾದೀತು ಎಂದು ಶೌಚಾಲಯಕ್ಕೂ ಹೋಗದೆ ನಿಂತವರಿದ್ದರು ಎಂದು 2011ರಲ್ಲಿ ಪತ್ರಿಕೆಗಳಲ್ಲಿ ಬಂತು. ಆಟವಾದರೆ ಸಾಕೆನಿಸಿದಾಗ ಬಿಟ್ಟು ಏಳಬಹುದು. ಅಲ್ಲಿ ಬಿಟ್ಟು ಎದ್ದರೆ ಹೋಗುವುದು ನೌಕರಿ.

ಅಮೆರಿಕದ ವಾರ್ಟನ್ ಬಿಸಿನೆಸ್ ಸ್ಕೂಲಿನ ಸಂಶೋಧಕರು ಒಂದು ಕಂಪನಿಯ ಮಾರಾಟ ಸಿಬ್ಬಂದಿಯ ಕೆಲಸಕ್ಕೆ ಬ್ಯಾಸ್ಕೆಟ್‌ಬಾಲ್ ಆಟದ ರೂಪ ಕೊಟ್ಟು ನೋಡಿದ್ದರು. ಮನಸ್ಸಿನಿಂದ ಒಪ್ಪಿ ಆಡಿದವರು ಖುಷಿಯಾಗಿದ್ದರು. ಒಪ್ಪದವರ ಪಾಲಿಗೆ ಆಟ ಬಂದ ಮೇಲೆ ಕಚೇರಿಯೇ ಮೊದಲಿಗಿಂತ ಬೇಸರದ ಜಾಗವಾಯಿತು. ನಮ್ಮಲ್ಲಿ ಊಟ ತಲುಪಿಸುವ ಹುಡುಗರಿಗಂತೂ ಒಪ್ಪುವ, ಬಿಡುವ ಮಾತೇ ಇಲ್ಲ. ಇನ್ನೆರಡು ಆರ್ಡರ್ ಮುಗಿಸಿದರೆ ಬೋನಸ್ ಎಂದು ಫೋನ್ ಹೇಳುತ್ತದೆ, ಹುಡುಗ ಮಳೆಯಲ್ಲೇ ಗಾಡಿ ತಿರುಗಿಸುತ್ತಾನೆ. ಅದು ಅವನ ದಿನದ ದುಡಿಮೆ, ಅದಕ್ಕೆ ಆಟದ ವೇಷ ಹಾಕಿರುವುದು ನನಗೆ ಸರಿಕಾಣುವುದಿಲ್ಲ.

ನಿಮ್ಮ ಕಚೇರಿಗೆ ಬರೋಣ. ಕಾಲ್ ಬೇಗ ಮುಗಿಸಿದವರಿಗೆ ಪಾಯಿಂಟ್ ಎಂದಿರಿ ಎನ್ನಿ. "ಸರ್, ನಿಮ್ಮ ಕಂಪ್ಲೇಂಟ್ ರಿಜಿಸ್ಟರ್ ಆಗಿದೆ, ಥ್ಯಾಂಕ್ಯೂ" ಎಂದು ಫೋನ್ ಇಡುವುದನ್ನು ಎಲ್ಲರೂ ಎರಡೇ ದಿನದಲ್ಲಿ ಕಲಿಯುತ್ತಾರೆ. ಗ್ರಾಹಕ ಸಿಟ್ಟಿನಲ್ಲಿ ಮತ್ತೆ ಕರೆ ಮಾಡುತ್ತಾನೆ, ಅದಕ್ಕೂ ಒಂದು ಪಾಯಿಂಟ್. ಕೂತು ಸಮಾಧಾನವಾಗಿ ಸಮಸ್ಯೆ ಬಗೆಹರಿಸಿದ ಹುಡುಗಿ ಪಟ್ಟಿಯ ಕೊನೆಗೆ ಹೋಗುತ್ತಾಳೆ. ತಿಂಗಳು ಕಳೆಯುವುದರೊಳಗೆ ಮೇಲಿನ ಐದು ಹೆಸರು ಖಾಯಂ ಆಗುತ್ತವೆ, ಉಳಿದವರು ಟಿವಿಯ ಕಡೆ ನೋಡುವುದನ್ನೇ ಬಿಡುತ್ತಾರೆ.

ಅದರ ಬದಲು ಹೀಗೆ ಮಾಡಿ ನೋಡಿ. ಗ್ರಾಹಕರು ಪದೇ ಪದೇ ಕೇಳುವ ಪ್ರಶ್ನೆಗಳಿಗೆ ನಿಮ್ಮಲ್ಲಿ ಸಿದ್ಧ ಉತ್ತರಗಳ ಕಡತ ಇದ್ದೇ ಇರುತ್ತದೆ, ಅರ್ಧ ಹಳತಾಗಿಯೂ ಇರುತ್ತದೆ. ಹಳೆಯ ಉತ್ತರ ತಿದ್ದಿದವರಿಗೆ ಒಂದು ಚೀಟಿ, ಹೊಸದು ಬರೆದವರಿಗೆ ಎರಡು, ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವರಿಗೆ ಮೂರು. ಶನಿವಾರ ಎಲ್ಲರೆದುರು ಚೀಟಿ ಎತ್ತಿ. ರ‍್ಯಾಂಕ್ ಬೇಡ. ಚೀಟಿಯಾದರೆ ಒಂದೇ ಉತ್ತರ ತಿದ್ದಿದವನಿಗೂ ಆಸೆ ಉಳಿಯುತ್ತದೆ. ಸೇರುವುದು ಅವರವರ ಇಷ್ಟ, ಈ ಲೆಕ್ಕ ಅಪ್ರೈಸಲ್‌ಗೆ ಹೋಗುವುದಿಲ್ಲ ಎಂದು ಮೊದಲೇ ಬರವಣಿಗೆಯಲ್ಲಿ ಕೊಡಿ. ಆರು ವಾರಕ್ಕೆ ನಿಲ್ಲಿಸಿ. ಎಳೆದಷ್ಟೂ ಆಟ ಸಪ್ಪೆಯಾಗುತ್ತದೆ.

ಇದಕ್ಕೂ ಮೊದಲು ನಾಲ್ಕು ಜನರನ್ನು ಚಹಾಕ್ಕೆ ಕರೆದು ಹುರುಪು ಯಾಕಿಲ್ಲ ಎಂದು ಕೇಳಿ, ಟೀಮ್ ಲೀಡ್ ಇಲ್ಲದಾಗ. ಮುಂದಿನ ವಾರದ ಶಿಫ್ಟ್ ಭಾನುವಾರ ರಾತ್ರಿಯವರೆಗೂ ಗೊತ್ತಾಗುವುದಿಲ್ಲ ಎಂದೋ, ರಾತ್ರಿ ಪಾಳಿಯ ಕ್ಯಾಬ್ ಸಮಯಕ್ಕೆ ಬರುವುದಿಲ್ಲ ಎಂದೋ ಹೇಳಿದರೆ, ಬ್ಯಾಡ್ಜ್ ಕೊಡುವುದು ಮೂಗಿಗೆ ತುಪ್ಪ ಸವರಿದ ಹಾಗೆಯೇ. ಅದನ್ನು ಸರಿಮಾಡಿ, ಆಮೇಲೆ ಆರು ವಾರದ ಚೀಟಿ ಆಟ. ಅದಕ್ಕೆ ಒಂದು ಎಕ್ಸೆಲ್ ಹಾಳೆ ಸಾಕು. ಎರಡೂ ಆದ ಮೇಲೂ ಸಾಫ್ಟ್‌ವೇರ್ ಬೇಕು ಎನಿಸಿದರೆ ಮಾರುವವರನ್ನು ಕರೆಯಿರಿ, ವರ್ಷದ ಹಣ ಕಟ್ಟುವ ಮುಂಚೆ ಒಂದು ತಿಂಗಳ ಟ್ರಯಲ್ ಕೇಳಿ.